ನಮ್ಮ ಬೀದಿಯಿಂದ ಹೋದ ಏಳು ನಾಯಿಗಳು

ಆ ಅರ್ಜಿಯಲ್ಲಿ ಮೂರನೆಯ ಸಹಿ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಂಗತಿಯನ್ನು ಅರ್ಧ ಕೇಳಿದವರು ನನ್ನನ್ನು ದೊಡ್ಡ ಕರುಣಾಮಯಿ ಎಂದು ಹೊಗಳಲು ಶುರು ಮಾಡುತ್ತಾರೆ. ಆಗೆಲ್ಲ ನನಗೆ ಮೈ ಉರಿಯುತ್ತದೆ.

ನಾವಿರುವುದು ಶಿರಾದ ಒಂದು ಹೊಸ ಬಡಾವಣೆಯಲ್ಲಿ, ಬಾಡಿಗೆ ಮನೆಯಲ್ಲಿ. ಗಂಡ ಲೈನ್‌ಮನ್. ನಾನು ಬರಗೂರು ದಾರಿಯ ಒಂದು ಹಳ್ಳಿಯ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವವಳು. ತವರು ಪುರವರದ ಹತ್ತಿರ. ಅಲ್ಲಿ ನಮ್ಮ ಕೇರಿ ಊರಿನಿಂದ ಆಚೆಗಿತ್ತು, ಈಗಲೂ ಆಚೆಗೇ ಇದೆ. ಈ ಬೀದಿಗೆ ಬಂದ ಮೊದಲ ವಾರ ನಾಲ್ಕೈದು ಮನೆಯವರು ಬಂದು ಮಾತಾಡಿಸಿದರು, ಮನೆದೇವರು ಯಾವುದು ಎಂದು ಕೇಳಿದರು, ಗೋಡೆಯ ಮೇಲಿದ್ದ ಬುದ್ಧನ ಫೋಟೊ ನೋಡಿದರು. ಆಮೇಲೆ ಎರಡು ವರ್ಷ ಯಾರೂ ನಮ್ಮ ಗೇಟು ತೆಗೆಯಲಿಲ್ಲ. ದೂರದಿಂದ ನಗುತ್ತಿದ್ದರು, ಅಷ್ಟೇ.

ಹಾಗಿರುವಾಗ ಒಂದು ಭಾನುವಾರ ಎದುರು ಮನೆಯ ಮೇಷ್ಟ್ರು ಕೈಯಲ್ಲೊಂದು ಕಾಗದ ಹಿಡಿದು ನಮ್ಮ ಗೇಟು ತೆಗೆದು ಒಳಗೆ ಬಂದರು. ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಬೀದಿಯಲ್ಲಿ ಅವರ ಮಾತಿಗೆ ಬೆಲೆ ಇತ್ತು. "ನಾಯಿಗಳ ಕಾಟ ಜಾಸ್ತಿಯಾಗಿದೆಯಮ್ಮ. ಎಲ್ಲರೂ ಸೇರಿ ಒಂದು ಅರ್ಜಿ ಕೊಡ್ತಾ ಇದೀವಿ. ನೀವೂ ಒಂದು ಸೈನ್ ಹಾಕಿ," ಎಂದರು. ಅವರ ಹೆಂಡತಿಯನ್ನು ಹಿಂದಿನ ತಿಂಗಳು ಒಂದು ನಾಯಿ ಅಟ್ಟಿಸಿಕೊಂಡು ಬಂದು, ಅವರು ಚರಂಡಿ ಪಕ್ಕ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದು ನನಗೂ ಗೊತ್ತಿತ್ತು. ಅದು ಸುಳ್ಳಲ್ಲ. ಅರ್ಜಿ ಓದಿದೆ. 'ಬೀದಿನಾಯಿಗಳ ಹಾವಳಿಯ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕು' ಎಂದಿತ್ತು. ದಿನಾ ಪುಸ್ತಕದ ನಡುವೆ ಕೂರುವವಳು ನಾನು. ಸೂಕ್ತ ಕ್ರಮ ಎಂದರೆ ಏನು ಸಾರ್ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಮೇಷ್ಟ್ರು ನಮ್ಮ ಗೇಟಿಗೆ ಬಂದಿದ್ದರು, ನನ್ನನ್ನೂ 'ಎಲ್ಲರೂ' ಎಂಬುದರಲ್ಲಿ ಸೇರಿಸಿದ್ದರು. ಆ ಸಂತೋಷಕ್ಕೆ ಪಾತ್ರೆ ತೊಳೆಯುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದೆ. ಕಾಫಿ ಕುಡಿಯಿರಿ ಎಂದೆ. ಈಗ ತಾನೇ ಆಯಿತು ಎಂದು ಹೊರಟುಹೋದರು.

ಬೀದಿಯಲ್ಲಿ ಏಳು ನಾಯಿಗಳಿದ್ದವು. ಒಂದು ಕಂದು ಬಣ್ಣದ ಹೆಣ್ಣುನಾಯಿ ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ ಪೇರಿಸಿದ್ದ ಚಪ್ಪಡಿ ಕಲ್ಲುಗಳ ಸಂದಿಯಲ್ಲಿ ಮರಿ ಹಾಕಿತ್ತು. ನಾಲ್ಕು ಮರಿ. ಕಾರ್ತಿಕ ಕಳೆದು ಚಳಿ ಬಿದ್ದಿತ್ತು. ನಾನು ಅದಕ್ಕೆ ಹಳೆಯ ಗೋಣಿಚೀಲ ಹಾಸಿ ಕೊಟ್ಟಿದ್ದೆ. ಮಿಕ್ಕ ಮುದ್ದೆಗೆ ಸಾರು ಕಲಸಿ ಹಾಕುತ್ತಿದ್ದೆ. ಅದಕ್ಕೊಂದು ಹೆಸರಿಟ್ಟಿರಲಿಲ್ಲ, ಮೈ ಮುಟ್ಟಿ ಮಾತಾಡಿಸಿದವಳೂ ಅಲ್ಲ. ಬಸ್ಸಿಳಿದು ಬರುವಾಗ ಎದ್ದು ನಿಂತು ಬಾಲ ಆಡಿಸುತ್ತಿತ್ತು. ನಾನು ಅನ್ನ ಹಾಕುತ್ತಿದ್ದೆ. ಅಷ್ಟು ಮಾಡಿದರೆ ಸಾಕು, ಒಳ್ಳೆಯವಳಾದೆ ಎಂದು ನಂಬಿದ್ದೆ.

ಆ ಮಂಗಳವಾರ ಸಂಜೆ ಬಸ್ಸಿಳಿದು ಬಂದಾಗ ಅದು ಎದ್ದು ಬರಲಿಲ್ಲ. ಬೀದಿಯಲ್ಲಿ ಒಂದೇ ಒಂದು ನಾಯಿ ಇರಲಿಲ್ಲ. ಚಪ್ಪಡಿಯ ಸಂದಿಯಿಂದ ಮರಿಗಳು ಕುಂಯ್ ಕುಂಯ್ ಎನ್ನುವುದು ಮೂರು ಮನೆ ಆಚೆಗೆ ಕೇಳುತ್ತಿತ್ತು. ಆ ಮೂರು ಮನೆಯಲ್ಲೂ ಟಿವಿ ನಡೆಯುತ್ತಿತ್ತು. ಬೆಳಿಗ್ಗೆಯಿಂದ ಅತ್ತಿದ್ದವಂತೆ. ಬೆಳಿಗ್ಗೆಯಿಂದ! ಕಣ್ಣು ಬಿಟ್ಟು ವಾರವೂ ಆಗಿರದ ಮರಿಗಳು. ಒಬ್ಬರಾದರೂ ಹೊರಗೆ ಬಂದು ಬಗ್ಗಿ ನೋಡಿರಲಿಲ್ಲ.

ಮೇಷ್ಟ್ರು ಜಗಲಿಯ ಮೇಲೆ ಕುಳಿತು ಪೇಪರ್ ಓದುತ್ತಿದ್ದರು. ಬ್ಯಾಗನ್ನೂ ಇಳಿಸದೆ ಹೋಗಿ ಕೇಳಿದೆ.

"ನಾಯಿಗಳು ಎಲ್ಲಿ ಸಾರ್?"

"ಕಾಡಿಗೆ ಬಿಟ್ಟು ಬಂದ್ರಮ್ಮ. ಟೆಂಪೋ ಮಾಡಿಸಿದ್ವಿ. ಹಿಡಿಯೋರನ್ನೂ ಅವನೇ ಕರಕೊಂಡು ಬಂದಿದ್ದ."

"ಯಾವ ಕಾಡಿಗೆ?"

"ಅದನ್ನೆಲ್ಲ ನಾವು ಕೇಳಕ್ಕೋಗ್ಲಿಲ್ಲ. ಅಲ್ಲಿ ಸ್ವತಂತ್ರವಾಗಿ ಇರ್ತವೆ ಬಿಡಿ, ಇಲ್ಲಿ ಹೊಡೆಸಿಕೊಳ್ಳೋದಕ್ಕಿಂತ ವಾಸಿ."

"ಅದು ಮರಿ ಹಾಕಿತ್ತು ಸಾರ್. ಮರಿಗಳು ಇಲ್ಲೇ ಇವೆ. ಕೇಳಿಸ್ತಾ ಇಲ್ವಾ ನಿಮಗೆ?"

ಅವರು ಪೇಪರನ್ನು ಮಡಿಚಿದರು. ದನಿ ಏರಿಸಲಿಲ್ಲ. "ನೀವೂ ಸೈನ್ ಹಾಕಿದೀರಲ್ಲಮ್ಮ," ಎಂದರು.

ಅರ್ಜಿ ಕೊಟ್ಟ ಕಚೇರಿಯವರು ಹೀಗೆ ಮಾಡಿದರೇ ಎಂದು ಕೇಳಿದಾಗ ಗೊತ್ತಾಯಿತು, ಅರ್ಜಿ ಯಾವ ಕಚೇರಿಗೂ ಹೋಗಿರಲೇ ಇಲ್ಲ. ಅವರ ಮೇಜಿನ ಡ್ರಾಯರಿನಲ್ಲೇ ಇತ್ತು. ನಾಳೆ ಯಾರಾದರೂ ತಕರಾರು ತೆಗೆದರೆ ಇಡೀ ಬೀದಿ ಒಪ್ಪಿತ್ತು ಎಂದು ತೋರಿಸುವುದಕ್ಕೆ ಅದನ್ನು ಬರೆದದ್ದು. ತಕರಾರು ತೆಗೆಯುವವಳು ಯಾರು ಎಂದು ಅವರಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಮೂರನೆಯ ಸಹಿಗೇ ನಮ್ಮಲ್ಲಿಗೆ ಬಂದಿದ್ದರು. ನನಗೆ ಸಿಟ್ಟು ಬಂತು. ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ. ಊರಾಚೆ ಬಿಟ್ಟು ಬನ್ನಿ, ಕಣ್ಣಿಗೆ ಕಾಣದ ಹಾಗಿರಲಿ ಎನ್ನುವ ಮಾತು ನನಗೆ ಹೊಸದಲ್ಲ. ಅದನ್ನು ಹೇಳಿಸಿಕೊಂಡವರ ಮಗಳು ನಾನು. ಈಗ ಅದಕ್ಕೇ ನನ್ನ ಸಹಿ ಬಿದ್ದಿತ್ತು.

ಮರಿಗಳನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದೆ. ಹಸುವಿನ ಹಾಲು ಬಿಸಿ ಮಾಡಿ ತಟ್ಟೆಯಲ್ಲಿಟ್ಟೆ. ಅವಕ್ಕೆ ನೆಕ್ಕಲು ಬರಲಿಲ್ಲ, ಹಾಲಿನೊಳಗೆ ಮೂತಿ ಅದ್ದಿ ಸೀನಿದವು. ಒಂದನ್ನು ಮಗುವಿನ ಹಾಗೆ ಅಂಗಾತ ಮಲಗಿಸಿಕೊಂಡು ಬಾಯಿಗೆ ಚಮಚದಲ್ಲಿ ಹುಯ್ದೆ. ಅದು ಕೆಮ್ಮಿತು. ಮೂಗಿನಿಂದ ಹಾಲು ಬಂತು. ಗಂಡ ನೋಡುತ್ತ ನಿಂತಿದ್ದವರು, "ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಗೊತ್ತಿರೋರನ್ನ ಕೇಳಾಣ ಬಾ," ಎಂದು ಬೈಕ್ ತೆಗೆದರು.

ಗೊತ್ತಿದ್ದವರು ಎಂದರೆ ಬಸ್ ಸ್ಟ್ಯಾಂಡಿನ ಹಿಂದಿನ ಚಿಕನ್ ಅಂಗಡಿಯ ಚಾಚಾ. ಅಂಗಡಿಯ ಮುಂದೆ ಸದಾ ನಾಲ್ಕೈದು ಬೆಕ್ಕು, ಎರಡು ಮುದಿ ನಾಯಿ ಇರುತ್ತಿದ್ದವು. ಕೋಳಿ ಕತ್ತರಿಸುವವರಿಗೆ ಯಾವ ಕರುಣೆ ಎಂದು ನಾನೇ ಹಿಂದೊಮ್ಮೆ ಗಂಡನ ಹತ್ತಿರ ಆಡಿದ್ದೆ. ಮರಿಗಳನ್ನು ನೋಡಿದ ಕೂಡಲೇ ಅವರು ಕತ್ತಿ ಕೆಳಗಿಟ್ಟು, ಸೋಪು ಹಾಕಿ ಎರಡು ಸಲ ಕೈ ತೊಳೆದುಕೊಂಡರು.

"ಅರೇ ಅಕ್ಕಾ, ಅಂಗಾತ ಮಲಗಿಸಿ ಕುಡಿಸಿದ್ರೆ ಹಾಲು ಶ್ವಾಸಕ್ಕೆ ಹೋಗುತ್ತೆ. ತಾಯಿ ಹತ್ರ ಹೆಂಗೆ ಕುಡೀತವೆ? ಹೊಟ್ಟೆ ಕೆಳಗೆ, ತಲೆ ಮೇಲೆ. ಹಂಗೆ ಹಿಡೀಬೇಕು."

ಸೂಜಿ ತೆಗೆದ ಸಿರಿಂಜು, ಪಕ್ಕದ ಮನೆಯಿಂದ ಆಡಿನ ಹಾಲು, ಎರಡನ್ನೂ ಅವರೇ ತಂದರು. ಹಾಲು ಉಗುರುಬೆಚ್ಚಗೆ ಮಾಡಿಸಿದರು. ಮೈ ತಣ್ಣಗಿರುವ ಮರಿಗೆ ಮೊದಲು ಹಾಲು ಕೊಡಬಾರದು, ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೈ ಬೆಚ್ಚಗಾಗಿಸಬೇಕು ಎಂದರು. ಕುಡಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಹೊಟ್ಟೆಯ ಕೆಳಗೆ ಒರೆಸಬೇಕು, ಇಲ್ಲದಿದ್ದರೆ ಉಚ್ಚೆ ಹೊಯ್ಯಲೂ ಅವಕ್ಕೆ ಬರುವುದಿಲ್ಲ. ತಾಯಿ ನೆಕ್ಕಿ ನೆಕ್ಕಿ ಮಾಡುತ್ತಿದ್ದ ಕೆಲಸ ಅದು. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ. "ಸತ್ತಿದ್ದನ್ನ ನೋಡಿ ನೋಡಿ ಕಲಿತೆ," ಎಂದರು.

ನಾನು ಚಮಚದಲ್ಲಿ ಹುಯ್ದಿದ್ದ ಮರಿ ಮರುದಿನ ಮಧ್ಯಾಹ್ನ ಸತ್ತುಹೋಯಿತು. ಪುಸ್ತಕ ಓದಿಕೊಂಡವಳ ಅರಿವುಗೇಡಿತನದಿಂದ ಸತ್ತ ಮರಿ ಅದು. ಮೇಷ್ಟ್ರ ಮೇಲಿನ ಕೋಪದಲ್ಲಿ ಅದನ್ನು ಮರೆಯಬೇಕು ಎಂದು ಎಷ್ಟೋ ಸಲ ಅನ್ನಿಸಿದೆ. ಆಗಿಲ್ಲ.

ಬುಧವಾರ ಸಂಜೆ ಚಾಚಾ ಸುದ್ದಿ ತಂದರು. ಟೆಂಪೋದವನು ಅವರಿಗೆ ಪರಿಚಯ. ಬುಕ್ಕಾಪಟ್ಟಣದಿಂದ ಆಚೆ, ಚಿಂಕಾರ ಜಿಂಕೆಗಳಿರುವ ಕುರುಚಲು ಕಾಡಿನ ರಸ್ತೆಯಲ್ಲಿ ಬಿಟ್ಟು ಬಂದಿದ್ದಾನೆ. "ಚೀಲದಲ್ಲಿ ಕಟ್ಟಿ ಎಸೆದಿಲ್ಲ, ಬಾಗಿಲು ತೆಗೆದು ಓಡಿಸ್ದೆ ಅಂತ ದೊಡ್ಡಸ್ತಿಕೆ ಮಾಡ್ಕೊಂಡು ಹೇಳ್ತಾನೆ, ನಾಲಾಯಕ್," ಎಂದು ಬೈದರು. ತಾಯಿ ಹಾಲು ಎರಡು ದಿನ ಕಟ್ಟಿಕೊಂಡರೆ ಕೆಚ್ಚಲು ಬಾತು ಜ್ವರ ಬರುತ್ತದೆ, ಹೋಗುವುದಾದರೆ ನಾಳೆಯೇ ಹೋಗಬೇಕು ಎಂದರು.

ಗುರುವಾರ ರಜೆ ಹಾಕಿದೆ. ಮರಿಗಳನ್ನು ಅಂಗಡಿಯಲ್ಲಿ ಚಾಚಾನ ಹೆಂಡತಿಯ ಹತ್ತಿರ ಬಿಟ್ಟು, ಬೇಯಿಸಿದ ಕೋಳಿಕಾಲು, ಒಂದು ಹಗ್ಗ, ಹಳೆಯ ದುಪ್ಪಟಿ ಚೀಲಕ್ಕೆ ತುಂಬಿಕೊಂಡು ಬಸ್ ಹತ್ತಿದೆ. ಗಂಡನಿಗೆ ಅವತ್ತು ಡ್ಯೂಟಿ. ಬುಕ್ಕಾಪಟ್ಟಣದಲ್ಲಿ ಇಳಿದು ಒಂದು ಶೇರ್ ಆಟೋದಲ್ಲಿ ಸ್ವಲ್ಪ ದೂರ, ಮಿಕ್ಕದ್ದು ನಡಿಗೆ. ಚಳಿಗಾಲವಾದರೂ ಹನ್ನೊಂದು ಗಂಟೆಗೆಲ್ಲ ಬಿಸಿಲು ಚುರುಗುಟ್ಟುತ್ತಿತ್ತು. ಎರಡೂ ಕಡೆ ಜಾಲಿ, ಕಾರೆ, ಕಲ್ಲು. ನೀರಿನ ಒಂದು ಕುಂಟೆಯೂ ಕಾಣಲಿಲ್ಲ. 'ಸ್ವತಂತ್ರವಾಗಿ ಇರ್ತವೆ' ಎಂದಿದ್ದರಲ್ಲ, ಮೇಷ್ಟ್ರನ್ನು ಅಲ್ಲಿ ಒಂದು ಹಗಲು ನಿಲ್ಲಿಸಬೇಕು ಅನ್ನಿಸಿತು. ಏನು ತಿನ್ನುತ್ತಾರೆ, ಎಲ್ಲಿ ನೀರು ಕುಡಿಯುತ್ತಾರೆ ನೋಡೋಣ ಎಂದು ಬಾಯಿಬಿಟ್ಟೇ ಬೈದುಕೊಂಡು ನಡೆದೆ.

ತಿರುವಿನಲ್ಲಿ ಕುರಿಮಂದೆ ಸಿಕ್ಕಿತು. ಮೇಯಿಸುತ್ತಿದ್ದವಳು ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಹೆಗಲ ಮೇಲೆ ಮಡಿಚಿದ ಕಂಬಳಿ, ಕೈಯಲ್ಲಿ ಉದ್ದನೆಯ ಕೋಲು. ಹತ್ತಿರದ ಹಟ್ಟಿಯವಳು. ನಾಯಿಗಳನ್ನು ನೋಡಿದಿರಾ ಎಂದು ನಾನು ಕೇಳಿದ್ದೇ ತಡ, ಕೋಲನ್ನು ನೆಲಕ್ಕೆ ಕುಟ್ಟಿದಳು.

"ಓಹೋ, ನೀವೇನಾ ತಂದು ಸುರಿದೋರು? ನಿಮ್ಮೂರ್ನಾಗೆ ಬ್ಯಾಡಾದದ್ದೆಲ್ಲ ನಮ್ ತಲೆ ಮ್ಯಾಲೆ ಯಾಕ್ರವ್ವ ತಂದ್ ಸುರೀತೀರಾ? ಹೋದ್ ವರ್ಸ ಹಿಂಗೇ ಒಂದ್ ಗಾಡಿ ನಾಯಿ ಬುಟ್ಟೋದ್ರು. ಹಸ್ಗಂಡು ಹಸ್ಗಂಡು ನಮ್ ಮೂರು ಕುರಿಮರಿ ಹರ್ದು ತಿಂದ್ವು. ಆ ಜಿಂಕೆ ಮರಿನೂ ಬುಡ್ಲಿಲ್ಲ. ಫಾರೆಸ್ಟ್‌ನೋರು ಬಂದು ನಮ್ ಹಟ್ಟಿ ನಾಯಿಗಳೇ ತಿಂದಿದ್ದು ಅಂತ ನಮ್ಮನ್ನೇ ಬೈದ್ರು!"

ನಾನು ತಂದು ಬಿಟ್ಟವಳಲ್ಲ, ಹುಡುಕಲು ಬಂದವಳು ಎಂದೆ. ನಂಬಲಿಲ್ಲ. ಮರಿಗಳ ವಿಷಯ ಹೇಳಿದೆ. ಕೊನೆಗೆ, ಯಾಕೋ ಗೊತ್ತಿಲ್ಲ, ಅರ್ಜಿಗೆ ಸಹಿ ಹಾಕಿದ್ದನ್ನೂ ಹೇಳಿಬಿಟ್ಟೆ. ಆ ಹೆಂಗಸಿನ ಮುಂದೆ ಸುಳ್ಳು ಹೇಳಿಕೊಂಡು ನಿಲ್ಲುವುದು ನನ್ನಿಂದ ಆಗಲಿಲ್ಲ.

ಅವಳು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ಓದ್ಕಂಡಿದೀಯಾ?" ಎಂದಳು.

"ಹೂಂ."

"ಓದ್ಕಂಡಿರೋಳು ಹೆಂಗಮ್ಮಣ್ಣಿ ಕೇಳ್ದಂಗೆ ಸೈನ್ ಹಾಕ್ದೆ? ನಾನು ಹೆಬ್ಬೆಟ್ಟು. ಹೆಬ್ಬೆಟ್ಟು ಒತ್ತೋಕೂ ಮುಂಚೆ ಮೂರು ಕಿತ ಕೇಳ್ತೀನಿ."

ಕುರಿಗಳನ್ನು ಹಳ್ಳದ ಕಡೆಗೆ ತಿರುಗಿಸಿ, "ಬಾ. ಮೊಲೆ ಇಳಿಬಿದ್ದಿರೋದು ಒಂದು ನಿಂತೈತೆ. ಮಂಗ್ಳಾರದಿಂದ ಗಾಡಿ ನಿಲ್ಸಿದ್ ಜಾಗ ಬುಟ್ಟು ಅಲ್ಲಾಡಿಲ್ಲ," ಎಂದಳು.

ಅದು ನಿಜ. ರಸ್ತೆಯ ಬದಿಯಲ್ಲಿ, ಟೆಂಪೋ ತಿರುಗಿಸಿದ ಚಕ್ರದ ಗುರುತಿನ ಮೇಲೇ ಕಂದು ನಾಯಿ ನಿಂತಿತ್ತು. ನೆರಳು ನಾಲ್ಕು ಮಾರು ದೂರದಲ್ಲಿತ್ತು. ನೆರಳಿಗೂ ಹೋಗಿರಲಿಲ್ಲ. ಹಿಂಗಾಲು ಎತ್ತಿಕೊಂಡಿತ್ತು, ತೊಡೆಯ ಚರ್ಮ ಕಿತ್ತು ನೊಣ ಮುತ್ತಿದ್ದವು. ಕೆಚ್ಚಲು ಬಾತು ಕೆಂಪಾಗಿತ್ತು. ದೂರದಿಂದ ಯಾವುದೋ ಗಾಡಿಯ ಸದ್ದಾದರೆ ಕುಂಟಿಕೊಂಡು ರಸ್ತೆಗೆ ಬಂದು ನೋಡುತ್ತಿತ್ತು. ಗಾಡಿ ಹೋದ ಮೇಲೆ ಅದೇ ಜಾಗಕ್ಕೆ ವಾಪಸ್ಸು. ಎರಡು ದಿನದಿಂದ ಇದೇ ಕೆಲಸ ಮಾಡಿತ್ತು.

ನನ್ನ ಗುರುತು ಹಿಡಿಯಿತು, ಬಾಲವನ್ನೂ ಸ್ವಲ್ಪ ಆಡಿಸಿತು. ಹತ್ತಿರ ಹೋದರೆ ಮಾತ್ರ ಹಲ್ಲು ಕಿರಿದು ಹಿಂದೆ ಸರಿಯಿತು. ಮನುಷ್ಯರು ಕೊರಳಿಗೆ ಕುಣಿಕೆ ಹಾಕಿ ಎಳೆದದ್ದನ್ನು ಎರಡು ದಿನಕ್ಕೆ ಮರೆಯುವುದಕ್ಕೆ ಅದೇನು ದಡ್ಡ ಪ್ರಾಣಿಯೇ? ನಾನು ಹಗ್ಗ ಹೊರಗೆ ತೆಗೆದೆ. ಕುರಿಯವಳು ನನ್ನ ಕೈಮೇಲೆ ಪಟ್ಟೆಂದು ಹೊಡೆದಳು.

"ಹಗ್ಗ ಕಂಡ್ರೆ ಓಡೋಯ್ತದೆ. ಒಳಕ್ಕಿಕ್ಕು. ನೀನು ಮುಂದ್ಗಡೆ ಕುತ್ಗ, ನಿಂತ್ಕಬ್ಯಾಡ. ಕಣ್ಣಾಗೆ ಕಣ್ಣಿಟ್ಟು ನೋಡ್ಬ್ಯಾಡ. ಬಾಡು ಹಾಕು, ಅದ್ರ ಪಾಡಿಗೆ ತಿನ್ಲಿ."

ನಾನು ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು ಒಂದೊಂದೇ ತುಂಡು ಎಸೆದೆ. ಮೊದಲನೆಯದು ದೂರಕ್ಕೆ, ಆಮೇಲೆ ಸ್ವಲ್ಪ ಸ್ವಲ್ಪ ಹತ್ತಿರಕ್ಕೆ. ನಾಯಿ ತಿಂದಿತು. ಒಂದು ಗಂಟೆಯೇ ಹಿಡಿದಿರಬೇಕು. ಅವಳು ಅಷ್ಟು ಹೊತ್ತೂ ಕಂಬಳಿಯನ್ನು ಎರಡು ಕೈಯಲ್ಲಿ ಅಗಲ ಹಿಡಿದು ಹಿಂದಿನಿಂದ ಒಂದೊಂದೇ ಹೆಜ್ಜೆ ಬರುತ್ತಿದ್ದಳು. ಕೊನೆಯ ತುಂಡಿಗೆ ಅದು ಬಗ್ಗಿದಾಗ ಕಂಬಳಿ ಮೈಮೇಲೆ ಬಿತ್ತು, ಕಂಬಳಿಯ ಜೊತೆಗೆ ಅವಳೂ ಮಂಡಿಯೂರಿದಳು. ನಾಯಿ ಒಂದೇ ಸಲ ಕಿರುಚಿ ಸುಮ್ಮನಾಯಿತು. ಕಣ್ಣಿಗೆ ಕತ್ತಲಾದರೆ ಅವು ಸುಮ್ಮನಾಗುತ್ತವೆ, ಕುರಿಯಾದರೂ ಅಷ್ಟೇ ಎಂದಳು. ದುಪ್ಪಟಿಯನ್ನು ಸೀಳಿ ಬಾಯಿಗೆ ಸಡಿಲವಾಗಿ ಕಟ್ಟಿಸಿದಳು. ಉಸಿರಾಡಬೇಕು, ಕಚ್ಚಬಾರದು, ಅಷ್ಟು ಸಡಿಲ. ನನ್ನ ಕೈಗೆ ಹಲ್ಲು ತಾಗಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದಳು. ತಾಗಿದ್ದರೆ ನೀರಿನಲ್ಲಿ ಚೆನ್ನಾಗಿ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು, ಅರಿಶಿನ ಮೆತ್ತಿಕೊಂಡು ಕೂತ ಅವಳ ಸೋದರಮಾವ ಉಳಿಯಲಿಲ್ಲವಂತೆ.

ಆಮೇಲೆ ಬೇಲಿಯಲ್ಲಿದ್ದ ಸೀತಾಫಲದ ಎಲೆ ಕಿತ್ತು, ಕಲ್ಲಿನ ಮೇಲೆ ಅರೆದು ಗಾಯಕ್ಕೆ ಒತ್ತಿದಳು. "ಹುಳ ಬಿದ್ದವೆ. ಇದಕ್ಕೆ ಸಾಯ್ತವೆ. ಆದ್ರೂ ಊರಾಗೆ ಡಾಕ್ಟ್ರಿಗೆ ತೋರ್ಸು." ಇಷ್ಟು ಮಾಡಿದವಳು ಒಂದು ಸಲವೂ ನಾಯಿಯನ್ನು ಅಯ್ಯೋ ಪಾಪ ಎನ್ನಲಿಲ್ಲ. ನನ್ನನ್ನು ಕ್ಷಮಿಸಿದ ಹಾಗೂ ಕಾಣಲಿಲ್ಲ.

"ಮಿಕ್ಕಿದ್ ಆರು ಏನ್ ಮಾಡ್ತೀಯಾ?" ಎಂದಳು. "ನಮ್ ಹಟ್ಟಿ ಗಂಡಸ್ರು ಬಾಡ್ನಾಗೆ ಇಸದ್ ಔಸ್ತಿ ಇಕ್ತೀವಿ ಅಂತ ಮಾತಾಡ್ಕಂತಾವ್ರೆ. ನಿನ್ನೆ ಒಂದು ಕುರಿಮರಿ ಹೋಗೈತೆ. ಭಾನ್ವಾರದ್ ತಂಕ ನಾನು ತಡೀತೀನಿ. ಆಮ್ಯಾಕೆ ನನ್ ಮಾತು ನಡಿಯಾಕಿಲ್ಲ."

ನನ್ನ ಫೋನ್ ನಂಬರನ್ನು ಅವಳ ಫೋನಿಗೆ ಹಾಕಿಕೊಟ್ಟೆ. ಹೆಸರಿನ ಬದಲು ಒಂದು ನಾಯಿಯ ಚಿತ್ರ ಹಾಕು, ಗುರುತು ಸಿಗುತ್ತದೆ ಎಂದಳು. ಹಾಕಿದೆ.

ವಾಪಸ್ಸು ಬರುವಾಗ ಎರಡು ಬಸ್ಸಿನವರು ಹತ್ತಿಸಿಕೊಳ್ಳಲಿಲ್ಲ. ಎರಡನೆಯ ಬಸ್ಸಿನಲ್ಲಿ ಒಬ್ಬರು ಕಿಟಕಿಯಿಂದ ಫೋನ್ ಚಾಚಿ ನಮ್ಮ ಫೋಟೊ ತೆಗೆದರು. ಗಾಯವಾದ ನಾಯಿಯನ್ನು ಎತ್ತಿಕೊಂಡು ನಿಂತವಳಿಗೆ ಸೀಟು ಬಿಡಲು ಆಗದವರಿಗೆ ಫೋಟೊ ಬೇಕು! ಕೊನೆಗೆ ಹಾಲಿನ ಕ್ಯಾನ್ ಸಾಗಿಸುವ ಗಾಡಿಯವನೊಬ್ಬ ಏನೂ ಕೇಳದೆ ಹಿಂದಿನ ಬಾಗಿಲು ತೆಗೆದ. ಖಾಲಿ ಕ್ಯಾನುಗಳ ನಡುವೆ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಶಿರಾಕ್ಕೆ ಬಂದೆ.

ಚಾಚಾನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂರು ಮರಿಗಳನ್ನು ಮುಂದೆ ಬಿಟ್ಟಾಗ ಅದು ಮೊದಲು ಮೂಸಿತು. ಎಲ್ಲವನ್ನೂ ಮೂಸಿ ಮತ್ತೆ ಎದ್ದು ಕುಂಟಿಕೊಂಡು ಕೋಣೆಯ ಮೂಲೆ ಮೂಲೆ ಹುಡುಕಿತು. ನಾಲ್ಕನೆಯದನ್ನು ಹುಡುಕುತ್ತಿತ್ತು. ನಾನು ಹೊರಗೆ ಬಂದು ಕೋಳಿ ಪಂಜರಗಳ ಪಕ್ಕ ನಿಂತು ಅತ್ತೆ. ಕೆಚ್ಚಲಿಗೆ ಬಿಸಿನೀರಿನ ಶಾಖ ಕೊಟ್ಟು, ಡಾಕ್ಟರಿಂದ ಇಂಜೆಕ್ಷನ್ ಹಾಕಿಸಿದ ಮೇಲೆ, ಮೂರನೆಯ ದಿನಕ್ಕೆ ಅದು ಮರಿಗಳಿಗೆ ಕುಡಿಯಲು ಬಿಟ್ಟಿತು.

ಭಾನುವಾರ ಚಾಚಾ, ನನ್ನ ಗಂಡ, ನಾನು ಕೋಳಿ ತರುವ ಗಾಡಿಯಲ್ಲಿ ಮತ್ತೆ ಹೋದೆವು. ಹಟ್ಟಿಯ ಅಂಚಿನಲ್ಲಿ ಎರಡು ನಾಯಿ ಸಿಕ್ಕವು. ಹಟ್ಟಿಯ ಹಿಂದಿನ ಕುಂಟೆಯ ಹತ್ತಿರ ಇನ್ನೆರಡು ಸತ್ತು ಬಿದ್ದಿದ್ದವು, ಬಾಯಲ್ಲಿ ನೊರೆ ಒಣಗಿತ್ತು. ಪಕ್ಕದಲ್ಲಿ ಮೂರು ಕಾಗೆ, ಒಂದು ನರಿಯೂ ಸತ್ತಿದ್ದವು. ಉಳಿದೆರಡರ ಸುದ್ದಿ ಇವತ್ತಿನವರೆಗೂ ಇಲ್ಲ. ಕುರಿಯವಳು ಹಟ್ಟಿಯ ಬೇಲಿಯ ಹತ್ತಿರ ನಿಂತಿದ್ದಳು. "ತಡ್ಯಾಕ್ ಆಗ್ಲಿಲ್ಲ ಕಣಮ್ಮ. ನಮ್ಮೋರೇ ಇಕ್ಕಿದ್ದು," ಎಂದಳು. ಆ ಗಂಡಸರ ಮೇಲೆ ಕೂಗಾಡಬೇಕು ಎಂದು ಬಾಯಿ ತೆರೆದೆ. ನಾಯಿಗಳು ಹರಿದ ಕುರಿಮರಿಯ ಚರ್ಮವನ್ನು ಅಲ್ಲೇ ಒಣಗಲು ಹಾಕಿದ್ದರು. ಬಾಯಿ ಮುಚ್ಚಿಕೊಂಡೆ. ವಿಷವಿಟ್ಟ ಕೈ ಅವರದು, ನಿಜ. ಆದರೆ ಅದು ಶಿರಾದ ಒಂದು ಜಗಲಿಯ ಮೇಲೆ, ಕಾಫಿ ಲೋಟದ ಪಕ್ಕದಲ್ಲಿ ಶುರುವಾದದ್ದು.

ಅವತ್ತು ಸಂಜೆ ನಾನು ಬೀದಿಯ ನಡುವೆ ನಿಂತು ಕೂಗಾಡಿದೆ. ಜೀವಮಾನದಲ್ಲಿ ಮೊದಲ ಸಲ. ಸತ್ತ ನಾಯಿಗಳ ಫೋಟೊವನ್ನು ಒಬ್ಬೊಬ್ಬರ ಮುಖದ ಮುಂದೆ ಹಿಡಿದೆ. "ನಾಯಿ ಕಾಟ ಅಂದ್ರೆ ಆಪರೇಷನ್ ಮಾಡಿಸೋಣ, ರೇಬೀಸ್ ಇಂಜೆಕ್ಷನ್ ಹಾಕ್ಸೋಣ, ವಾಪಸ್ಸು ಇಲ್ಲೇ ಬಿಡೋಣ. ಕಾನೂನು ಹೇಳೋದೂ ಅದನ್ನೇ. ಅದನ್ನ ಬರೆಯೋಕೆ ನಿಮ್ಮ ಕೈಗೆ ಏನಾಗಿತ್ತು ಸಾರ್? ಸೂಕ್ತ ಕ್ರಮ ಅಂತೆ!" ಮೇಷ್ಟ್ರು, "ಹೊರಗಿಂದ ಬಂದೋರು ಬೀದಿ ನೆಮ್ಮದಿ ಕೆಡಿಸ್ತಾರೆ," ಎಂದು ಒಳಗೆ ಹೋದರು. ಯಾರು ಹೊರಗಿನವರು ಎಂದು ನನ್ನ ಗಂಡ ಕೇಳಿದರು.

ಅಷ್ಟರಲ್ಲಿ ಬೀದಿಯ ಕೊನೆಯ ಕಸದ ಗುಡ್ಡೆಗೆ ಆಗಲೇ ಬೇರೆ ಬೀದಿಯ ನಾಲ್ಕು ನಾಯಿಗಳು ಬಂದು ಸೇರಿದ್ದವು. ಅದು ನಮ್ಮ ಬೀದಿಯವರೇ ಮದುವೆ ಊಟದ ಎಲೆ, ಮೂಳೆ ತಂದು ಸುರಿಯುವ ಗುಡ್ಡೆ. ಅವು ಹಳೆಯವಕ್ಕಿಂತ ಜೋರಾಗಿ ಬೊಗಳುತ್ತಿದ್ದವು.

ಮಧುಗಿರಿಯ ಕಡೆ ಒಬ್ಬ ಪಶುವೈದ್ಯರು ರಜೆಯ ದಿನ ಆಪರೇಷನ್ ಮಾಡಿಕೊಡಲು ಒಪ್ಪಿದರು. ಕಂದು ನಾಯಿಗೆ ಹಾಲು ಬತ್ತುವವರೆಗೆ ಕಾದು, ಮೂರನ್ನೂ ಚಾಚಾನ ಗಾಡಿಯಲ್ಲಿ ಕರೆದೊಯ್ದೆವು. ಹೊಲಿಗೆ ಮಾಯುವ ತನಕ ಅವುಗಳನ್ನು ಖಾಲಿ ಕೋಳಿ ಶೆಡ್ಡಿನಲ್ಲಿ ಇಟ್ಟುಕೊಂಡೆವು. ನೆಕ್ಕಿಕೊಳ್ಳದ ಹಾಗೆ ನನ್ನ ಹಳೆಯ ರವಿಕೆಗಳನ್ನೇ ಹೊಲಿದು ತೊಡಿಸಿದೆ. ಬೀದಿಗೆ ವಾಪಸ್ಸು ಬಿಟ್ಟ ದಿನ ಒಂದು ಮನೆಯಿಂದ ಕಲ್ಲು ಬಿತ್ತು. ಇನ್ನೊಂದು ಮನೆಯಿಂದ, ನಾನು ನಿರೀಕ್ಷಿಸಿಯೇ ಇರಲಿಲ್ಲ, ಮೇಷ್ಟ್ರ ಹೆಂಡತಿ ಕೋಲೂರಿಕೊಂಡು ಬಂದರು. "ನಂಗೆ ಅವನ್ನ ಕಂಡ್ರೆ ಈಗ್ಲೂ ಭಯಾನೇ. ಆದ್ರೆ ಸಾಯಿಸಿ ಅಂತ ನಾನು ಹೇಳಿರ್ಲಿಲ್ಲ ಕಣಮ್ಮ," ಎಂದರು. ಅವರ ಜೊತೆ ನಾನು ಆಮೇಲೆ ಎಷ್ಟೋ ಬೆಳಿಗ್ಗೆ ಹಾಲಿನ ಅಂಗಡಿಯವರೆಗೆ ನಡೆದಿದ್ದೇನೆ, ನಾಯಿಗಳ ಕಡೆಗೆ ನಾನು, ಗೋಡೆಯ ಕಡೆಗೆ ಅವರು.

ಮರಿಗಳಲ್ಲಿ ಗಂಡನ್ನು ತೆಗೆದುಕೊಂಡು ಹೋಗಲು ಐದು ಜನ ಬಂದರು. ಹೆಣ್ಣು ಮರಿ ಎರಡನ್ನು ಯಾರೂ ಮುಟ್ಟಲಿಲ್ಲ. ಒಬ್ಬರಂತೂ ಬಾಲ ಎತ್ತಿ ನೋಡಿ, "ಥೂ, ಹೆಣ್ಣು," ಎಂದು ಕೆಳಗಿಟ್ಟರು. ಅವರನ್ನು ಗೇಟಿನ ಆಚೆ ಕಳಿಸಿ ಚಿಲಕ ಹಾಕಿದೆ. ಒಂದು ಚಾಚಾನ ಅಂಗಡಿಯಲ್ಲಿ ಬೆಳೆಯಿತು, ಇನ್ನೊಂದು ನನ್ನ ಜೊತೆ ಹಾಲಿನ ಗಾಡಿಯಲ್ಲಿ ಹೋಗಿ ಗ್ರಂಥಾಲಯದ ಜಗಲಿ ಸೇರಿತು. ಬಾಗಿಲಲ್ಲಿ ಮಲಗಿರುತ್ತದೆ, ಪೇಪರ್ ಓದಲು ಬರುವ ಮುದುಕರು ದಾಟಿಕೊಂಡು ಒಳಗೆ ಬರುತ್ತಾರೆ.

ಹೋದ ವಾರ ಮಧ್ಯಾಹ್ನ ಕುರಿಯವಳ ಫೋನು ಬಂತು. ಹಿಂದೆ ಕುರಿಗಳ ಸದ್ದು, ಯಾರೋ ಗಂಡಸಿನ ಬೈಗುಳ.

"ಇನ್ನೊಂದ್ ಗಾಡಿ ಬಂದೈತೆ ಕಣಮ್ಮಣ್ಣಿ. ನಂಬರ್ ಓದಕ್ಕೆ ನಂಗ್ ಬರಲ್ವಲ್ಲ, ಅದಕ್ಕೆ ಕುರಿ ಅಡ್ಡ ಬುಟ್ಟು ನಿಲ್ಸ್ಕಂಡಿದೀನಿ. ಬಿರ್ನೆ ಬಾ!"

ಚಾಚಾ ಅಂಗಡಿಯನ್ನು ಹೆಂಡತಿಗೆ ಬಿಟ್ಟು ಗಾಡಿ ತೆಗೆದರು, ದಾರಿಯಲ್ಲಿ ನನ್ನನ್ನು ಹತ್ತಿಸಿಕೊಂಡರು. ನಾವು ಮುಟ್ಟುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಬೇರೆ ಊರಿನ ಟೆಂಪೋ. ಹಿಂದೆ, ಮುಂದೆ, ಪಕ್ಕದಲ್ಲಿ ಕುರಿಗಳು ತುಂಬಿಕೊಂಡಿದ್ದವು. ಗಾಡಿಯ ಮುಂದೆ ರಸ್ತೆಯ ಮೇಲೆ ಅವಳು ಕಂಬಳಿ ಹಾಸಿಕೊಂಡು ಕುಳಿತು ಎಲೆ ಅಡಿಕೆ ಜಗಿಯುತ್ತಿದ್ದಳು. ಒಳಗೆ ಐದು ನಾಯಿಗಳು ಬಾಯಿ ಬಿಟ್ಟುಕೊಂಡು ಏದುಸಿರು ಬಿಡುತ್ತಿದ್ದವು. ಡ್ರೈವರು ಕೂಗಿ ಕೂಗಿ ಸೋತು ಸ್ಟೀರಿಂಗ್ ಮೇಲೆ ತಲೆಯಿಟ್ಟಿದ್ದ.

"ಅಕ್ಕಾ, ಇವನ್ನ ಎಲ್ಲಿಗೆ ತಗೊಂಡೋಗ್ಲಿ ಹೇಳಿ ನೀವೇ," ಎಂದ ನನ್ನನ್ನು ಕಂಡು.

"ಎಲ್ಲಿಂದ ತುಂಬ್ಕಂಡ್ ಬಂದ್ಯೋ ಅಲ್ಲಿಗೆ," ಎಂದು ಅವಳೇ ಎದ್ದಳು. ಸೆರಗು ಕೊಡವಿ ನಮ್ಮ ಗಾಡಿ ಹತ್ತಿದಳು. ಕುರಿಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದರೆ, ಅವಕ್ಕೆ ಹಟ್ಟಿಯ ದಾರಿ ಗೊತ್ತು, ತನ್ನ ಗಂಡನೂ ಅಲ್ಲೇ ಇದ್ದಾನೆ ಎಂದಳು. ನಾಯಿಗಳಿಗೆ ನೀರು ಕುಡಿಸಿ, ಟೆಂಪೋವನ್ನು ಮುಂದೆ ಬಿಟ್ಟು ನಾವು ಹಿಂದೆ ಹೊರಟೆವು. ಆ ಊರಿನ ಆ ಬೀದಿ ನಮ್ಮ ಬೀದಿಯ ಹಾಗೇ ಇತ್ತು. ಗಾಡಿ ನಿಂತ ಸದ್ದಿಗೆ ಒಂದೊಂದೇ ಬಾಗಿಲು ತೆರೆಯಿತು. ನಾಲ್ಕು ನಾಯಿಗಳು ಹಾರಿ ಇಳಿದು ಓಡಿದವು. ಐದನೆಯದು ಮೂಲೆಗೆ ಒತ್ತಿಕೊಂಡು ಇಳಿಯಲು ಒಪ್ಪಲಿಲ್ಲ. ನಾನು ಗಾಡಿಯೊಳಗೆ ಹತ್ತಿ, ಪಕ್ಕಕ್ಕೆ ತಿರುಗಿ ಕುಳಿತೆ, ಅದು ತಾನಾಗಿ ಇಳಿಯುವ ತನಕ. ಹೊರಗೆ ಕುರಿಯವಳು ಆ ಬೀದಿಯವರನ್ನು ಹೆಸರು ಕೇಳಿ ಕೇಳಿ ಬೈಯುತ್ತಿದ್ದಳು. ನಾನು ತಡೆಯಲಿಲ್ಲ.